ಪ್ರೌಢಶಾಲಾ ಗಣಿತ ಶಿಕ್ಷಕರಿಗೆ ಆನ್‌ಲೈನ್ ಸ್ನಾತಕೋತ್ತರ ಅಧ್ಯಯನ: ಯಾವ ದಾರಿ ಯಾರಿಗೆ?

ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿರುವವರು ಕೆಲಸ ಬಿಡದೆ ಸ್ನಾತಕೋತ್ತರ ಪದವಿ ಓದಬೇಕೆಂದರೆ ಆನ್‌ಲೈನ್ ಅಧ್ಯಯನವೇ ಹೆಚ್ಚಿನವರಿಗೆ ಉಳಿಯುವ ದಾರಿ. ಆದರೆ ಈ ಒಂದು ಹೆಸರಿನ ಕೆಳಗೆ ಕನಿಷ್ಠ ನಾಲ್ಕು ಬಗೆಯ ಓದುಗಳಿವೆ: ಶುದ್ಧ ಗಣಿತದ ಎಂ.ಎಸ್‌ಸಿ. ಅಥವಾ ಎಂ.ಎ., ಶಿಕ್ಷಕರಿಗೆಂದೇ ರೂಪಿಸಿದ ಗಣಿತದ ಸ್ನಾತಕೋತ್ತರ ಪದವಿ, ಗಣಿತ ಶಿಕ್ಷಣದ ಪದವಿ, ಮತ್ತು ಸಂಖ್ಯಾಶಾಸ್ತ್ರ ಅಥವಾ ಅನ್ವಯಿಕ ಗಣಿತದ ಪದವಿ. ಜಾಹೀರಾತುಗಳಲ್ಲಿ ಇವು ಒಂದೇ ಮನೆಯ ಮಕ್ಕಳಂತೆ ಕಾಣುತ್ತವೆ. ಪಠ್ಯಕ್ರಮವನ್ನು ಬಿಡಿಸಿ ಓದಿದಾಗ ಮಾತ್ರ ಇವುಗಳ ನಡುವಿನ ಅಂತರ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಶುಲ್ಕ, ಅವಧಿ, ವಿಶ್ವವಿದ್ಯಾಲಯದ ಹೆಸರು ಇವುಗಳನ್ನು ಹೋಲಿಸುವ ಮೊದಲು ಎರಡು ವಿಷಯಗಳನ್ನು ಹೋಲಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ: ಓದುವ ಗಣಿತ ಯಾವುದು, ಮತ್ತು ನೀವು ಬರೆದ ಗಣಿತದ ಸಾಧನೆಗಳನ್ನು (ಪ್ರೂಫ್‌ಗಳನ್ನು) ಅಲ್ಲಿ ಯಾರಾದರೂ ಸಾಲು ಸಾಲಾಗಿ ಓದಿ ತಿದ್ದುತ್ತಾರೆಯೇ ಎಂಬುದು.

ಶುದ್ಧ ಗಣಿತದ ಪದವಿ

ರಿಯಲ್ ಅನಾಲಿಸಿಸ್, ಅಮೂರ್ತ ಬೀಜಗಣಿತ, ಟೋಪಾಲಜಿ, ಸಂಕೀರ್ಣ ವಿಶ್ಲೇಷಣೆ, ಮೆಷರ್ ಥಿಯರಿ: ಶುದ್ಧ ಗಣಿತದ ಸ್ನಾತಕೋತ್ತರ ಓದು ಎಲ್ಲಿಯೇ ಆದರೂ ಬಹುಪಾಲು ಈ ವಿಷಯಗಳ ಸುತ್ತ ತಿರುಗುತ್ತದೆ. ಇದರ ದೊಡ್ಡ ಬಲವೆಂದರೆ ಇದು ಯಾವ ರಿಯಾಯಿತಿಯನ್ನೂ ಕೊಡುವುದಿಲ್ಲ. ಶಾಲೆಯಲ್ಲಿ 'ಹೀಗೆಯೇ' ಎಂದು ಹೇಳಿ ಮುಂದೆ ಹೋದ ಎಷ್ಟೋ ಮಾತುಗಳಿಗೆ ಪೂರ್ಣ ಉತ್ತರ ಸಿಗುವುದು ಇಲ್ಲಿಯೇ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಕೈವಾರ ಮತ್ತು ಗುರುತುಗಳಿಲ್ಲದ ಅಳತೆಪಟ್ಟಿಯಿಂದ ಕೋನವನ್ನು ಎರಡು ಸಮಭಾಗ ಮಾಡಲು ಕಲಿತ ವಿದ್ಯಾರ್ಥಿ, ಮೂರು ಸಮಭಾಗ ಏಕೆ ಮಾಡಬಾರದು ಎಂದು ಕೇಳುವುದು ಸಹಜ. 'ಸಾಧ್ಯವಿಲ್ಲ' ಎಂಬ ಉತ್ತರ ಎಲ್ಲ ಶಿಕ್ಷಕರಿಗೂ ಗೊತ್ತಿರುತ್ತದೆ. ಏಕೆ ಸಾಧ್ಯವಿಲ್ಲ ಎಂಬುದು ಅಮೂರ್ತ ಬೀಜಗಣಿತದಲ್ಲಿ ಕ್ಷೇತ್ರ ವಿಸ್ತರಣೆಯನ್ನು, ಅಂದರೆ ಒಂದು ಸಂಖ್ಯಾ ವ್ಯವಸ್ಥೆಗೆ ಹೊಸ ಸಂಖ್ಯೆಗಳನ್ನು ಸೇರಿಸಿ ಹಿಗ್ಗಿಸುವುದನ್ನು, ಓದಿದ ಮೇಲೆ ಮಾತ್ರ ತಿಳಿಯುತ್ತದೆ. 60° ಕೋನವನ್ನು ಮೂರಾಗಿ ಭಾಗಿಸಬೇಕೆಂದರೆ 20° ಕೋನದ ಕೊಸೈನ್ ಬೆಲೆಯಷ್ಟು ಉದ್ದವನ್ನು ರಚಿಸಲು ಸಾಧ್ಯವಾಗಬೇಕು. ಮೂರು ಪಟ್ಟು ಕೋನದ ಸೂತ್ರವನ್ನು ಬಳಸಿದರೆ ಆ ಬೆಲೆ 8ಕ್ಷ³ − 6ಕ್ಷ − 1 = 0 ಎಂಬ ಸಮೀಕರಣದ ಮೂಲವೆಂದು ತಿಳಿಯುತ್ತದೆ. ಈ ಸಮೀಕರಣಕ್ಕೆ ಭಾಗಲಬ್ಧ ಮೂಲಗಳಿಲ್ಲ. ಮೂರನೆಯ ಘಾತದ್ದಾದ ಕಾರಣ, ಭಾಗಲಬ್ಧ ಸಂಖ್ಯೆಗಳ ಮೇಲೆ ಅದು ಒಡೆಯುವುದೂ ಇಲ್ಲ. ಕೈವಾರ ಮತ್ತು ಪಟ್ಟಿಯ ಪ್ರತಿಯೊಂದು ಹೆಜ್ಜೆಯೂ ಹೆಚ್ಚೆಂದರೆ ವರ್ಗಸಮೀಕರಣವೊಂದನ್ನು ಬಿಡಿಸಿದಂತೆ. ಆದ್ದರಿಂದ ಅವುಗಳಿಂದ ಸಿಗುವ ಉದ್ದವು ಒಡೆಯದ ಯಾವ ಸಮೀಕರಣದ ಮೂಲವೋ ಅದರ ಘಾತ 1, 2, 4, 8 ಹೀಗೆ ಎರಡರ ಘಾತವೇ ಆಗಿರಬೇಕು. ಮೂರು ಆ ಸಾಲಿನಲ್ಲಿಲ್ಲ. ಪಿಯೆರ್ ವಾಂಟ್ಸೆಲ್ 1837ರಲ್ಲಿ ಈ ಅಸಾಧ್ಯತೆಯನ್ನು ಸಾಧಿಸಿ ತೋರಿಸಿದರು. ಇದನ್ನು ಒಮ್ಮೆ ತಾನೇ ಬರೆದು ಅರಗಿಸಿಕೊಂಡ ಶಿಕ್ಷಕರು ರಚನಾ ಪಾಠವನ್ನು ಮತ್ತೆ ಹಳೆಯ ರೀತಿಯಲ್ಲಿ ಕಲಿಸಲಾರರು, ಏಕೆಂದರೆ ಪ್ರತಿ ರಚನೆಯ ಹಿಂದೆ ನಿಂತಿರುವ ಬೀಜಗಣಿತ ಅವರಿಗೆ ಕಾಣತೊಡಗಿರುತ್ತದೆ.

ಆದರೆ ಈ ಕೊಂಡಿಯನ್ನು ಕೋರ್ಸ್ ತಾನಾಗಿ ಹಾಕಿಕೊಡುತ್ತದೆಯೆಂದು ನಂಬಬಾರದು. ಕ್ಷೇತ್ರ ವಿಸ್ತರಣೆಯ ಪತ್ರಿಕೆ ಮುಂದೆ ಗಾಲ್ವಾ ಸಿದ್ಧಾಂತಕ್ಕೆ ಹೋಗುತ್ತದೆಯೇ ಹೊರತು ಒಂಬತ್ತನೆಯ ತರಗತಿಯ ರೇಖಾಗಣಿತಕ್ಕೆ ಮರಳುವುದಿಲ್ಲ. ಜರ್ಮನಿಯ ಗಣಿತಜ್ಞ ಫೆಲಿಕ್ಸ್ ಕ್ಲೈನ್ ಶಿಕ್ಷಕರಿಗೆಂದು ನೀಡಿದ ಮತ್ತು 1908ರಲ್ಲಿ ಪ್ರಕಟವಾದ ಉಪನ್ಯಾಸಗಳಲ್ಲಿ ಇದನ್ನು ಎರಡು ಬಾರಿ ಎದುರಾಗುವ ಕಡಿತವೆಂದು ಗುರುತಿಸಿದ್ದರು: ವಿಶ್ವವಿದ್ಯಾಲಯಕ್ಕೆ ಬಂದವನು ಶಾಲೆಯ ಗಣಿತವನ್ನು ಮರೆಯಬೇಕಾಗುತ್ತದೆ, ಶಿಕ್ಷಕನಾಗಿ ಶಾಲೆಗೆ ಮರಳಿದವನು ವಿಶ್ವವಿದ್ಯಾಲಯದ ಗಣಿತವನ್ನು ಮರೆತು ಹಳೆಯ ಜಾಡನ್ನೇ ಹಿಡಿಯುತ್ತಾನೆ. ನೂರು ವರ್ಷಕ್ಕೂ ಹಿಂದಿನ ಈ ಮಾತು ಇಂದಿನ ಆನ್‌ಲೈನ್ ಎಂ.ಎಸ್‌ಸಿ.ಗೂ ಅಕ್ಷರಶಃ ಅನ್ವಯಿಸುತ್ತದೆ. ಕೊಂಡಿಯನ್ನು ತಾವೇ ಹಾಕಿಕೊಳ್ಳುವ ಹಟವುಳ್ಳವರಿಗೆ ಈ ಪದವಿಯಷ್ಟು ಫಲ ಕೊಡುವುದು ಬೇರೊಂದಿಲ್ಲ. ಆ ಹಟವಿಲ್ಲದವರಿಗೆ ಇದು ಪರೀಕ್ಷೆ ಮುಗಿದ ಮರುದಿನವೇ ಮರೆತುಹೋಗುವ ಪ್ರಮೇಯಗಳ ರಾಶಿಯಾಗಬಹುದು.

ಇನ್ನೊಂದು ಅಡಚಣೆ ಪ್ರವೇಶದಲ್ಲೇ ಎದುರಾಗುತ್ತದೆ. ಪದವಿ ಮುಗಿಸಿ ಹತ್ತು ಹದಿನೈದು ವರ್ಷ ಕಳೆದವರಿಗೆ ಕಲನಶಾಸ್ತ್ರದ ಲೆಕ್ಕಗಳು ನೆನಪಿರುತ್ತವೆ, ಸಾಧನೆ ಬರೆಯುವ ಅಭ್ಯಾಸ ಮಾತ್ರ ಪೂರ್ತಿ ತಪ್ಪಿಹೋಗಿರುತ್ತದೆ. ಸ್ನಾತಕೋತ್ತರ ಅನಾಲಿಸಿಸ್ ಮೊದಲ ವಾರದಿಂದಲೇ ಬೇಡುವುದು ಆ ಅಭ್ಯಾಸವನ್ನೇ.

ಶಿಕ್ಷಕರಿಗೆಂದೇ ರೂಪಿಸಿದ ಗಣಿತದ ಪದವಿ

ಕ್ಲೈನ್ ಹೇಳಿದ ಕಡಿತವನ್ನು ಬೆಸೆಯುವ ಉದ್ದೇಶದಿಂದಲೇ ಹುಟ್ಟಿದ ಪದವಿಗಳಿವು. ಇಲ್ಲಿಯೂ ಬೀಜಗಣಿತ, ವಿಶ್ಲೇಷಣೆ, ರೇಖಾಗಣಿತ, ಸಂಖ್ಯಾ ಸಿದ್ಧಾಂತಗಳಿರುತ್ತವೆ. ಆದರೆ ಪ್ರತಿ ವಿಷಯವೂ ಶಾಲಾ ಗಣಿತದ ಒಂದು ಪ್ರಶ್ನೆಯಿಂದ ಹೊರಟು, ಸಿದ್ಧಾಂತದ ಒಳಗೆ ಹೋಗಿ, ಮತ್ತೆ ಅದೇ ಪ್ರಶ್ನೆಗೆ ಮರಳುವಂತೆ ಜೋಡಿಸಲ್ಪಟ್ಟಿರುತ್ತದೆ.

√(ಕ್ಷ + 6) = ಕ್ಷ ಎಂಬ ಸಾಮಾನ್ಯ ಲೆಕ್ಕವನ್ನೇ ತೆಗೆದುಕೊಳ್ಳಿ. ಎರಡೂ ಬದಿಗಳನ್ನು ವರ್ಗಿಸಿದರೆ ಕ್ಷ² − ಕ್ಷ − 6 = 0 ಸಿಗುತ್ತದೆ; ಮೂಲಗಳು 3 ಮತ್ತು −2. ಮೊದಲಿನ ಸಮೀಕರಣದಲ್ಲಿ −2 ಇಟ್ಟರೆ ಎಡಬದಿ 2, ಬಲಬದಿ −2 ಆಗಿ ಹೊಂದುವುದಿಲ್ಲ. 'ವರ್ಗಿಸಿದಾಗ ಮೂಲಗಳನ್ನು ಪರೀಕ್ಷಿಸಿ ನೋಡಿ' ಎಂದು ಶಾಲೆಯಲ್ಲಿ ಹೇಳಿ ಮುಗಿಸುತ್ತೇವೆ. ಒಳ್ಳೆಯ ಶಿಕ್ಷಕ-ಕೇಂದ್ರಿತ ಕೋರ್ಸ್ ಇಲ್ಲಿಂದಲೇ ಆರಂಭಿಸುತ್ತದೆ. ಸಮೀಕರಣ ಬಿಡಿಸುವುದೆಂದರೆ ತಾರ್ಕಿಕ ಹೆಜ್ಜೆಗಳ ಒಂದು ಸರಪಳಿ. ಅದರಲ್ಲಿ ಕೆಲವು ಹೆಜ್ಜೆಗಳು ಎರಡೂ ದಿಕ್ಕಿಗೆ ಸಲ್ಲುತ್ತವೆ, ಕೆಲವು ಒಂದೇ ದಿಕ್ಕಿಗೆ. ವರ್ಗಿಸುವ ಫಂಕ್ಷನ್ ವಾಸ್ತವ ಸಂಖ್ಯೆಗಳ ಮೇಲೆ ಒನ್-ಒನ್ (ಬೇರೆ ಬೇರೆ ಸಂಖ್ಯೆಗಳಿಗೆ ಬೇರೆ ಬೇರೆ ಬೆಲೆ ಕೊಡುವಂಥದ್ದು) ಅಲ್ಲವಾದ್ದರಿಂದ ಆ ಹೆಜ್ಜೆ ಹಿಂದಕ್ಕೆ ನಡೆಯುವುದಿಲ್ಲ. ಘನ ಮಾಡುವ ಫಂಕ್ಷನ್ ಒನ್-ಒನ್ ಆದ್ದರಿಂದ ಅಲ್ಲಿ ಸುಳ್ಳು ಮೂಲಗಳು ನುಸುಳುವುದಿಲ್ಲ. ಚರಾಕ್ಷರವಿರುವ ಪದದಿಂದ ಎರಡೂ ಬದಿಗಳನ್ನು ಗುಣಿಸಿದಾಗ, ಲಾಗರಿದಂ ನಿಯಮಗಳನ್ನು ಬಳಸಿದಾಗ ಏನಾಗುತ್ತದೆಂಬುದನ್ನು ಇದೇ ಒಂದು ವಿಚಾರದಿಂದ ವಿವರಿಸಬಹುದು. ನಾಲ್ಕು ಅಧ್ಯಾಯಗಳಲ್ಲಿ ಚದುರಿದ್ದ ನಾಲ್ಕು 'ಎಚ್ಚರಿಕೆ'ಗಳು ಒಂದೇ ತತ್ವದ ಮುಖಗಳೆಂದು ಶಿಕ್ಷಕರಿಗೆ ತಿಳಿಯುತ್ತದೆ, ಮರುವಾರದ ಪಾಠದಲ್ಲೇ ಅದು ಕೆಲಸಕ್ಕೆ ಬರುತ್ತದೆ.

ಇಂಥ ಓದಿಗೆ ಗಣಿತ ಸಂಘಗಳ ಬೆಂಬಲವೂ ಇದೆ. ಅಮೆರಿಕದ ಗಣಿತ ಸಂಘಟನೆಗಳ ಒಕ್ಕೂಟ 2012ರಲ್ಲಿ ಹೊರತಂದ ವರದಿಯಲ್ಲಿ, ಪ್ರೌಢಶಾಲಾ ಗಣಿತ ಶಿಕ್ಷಕರಾಗುವವರು ಗಣಿತದ ಪದವಿಗೆ ಸಮನಾದದ್ದನ್ನು ಓದಬೇಕು, ಅದರಲ್ಲಿ ಪ್ರೌಢಶಾಲಾ ಗಣಿತವನ್ನೇ ಉನ್ನತ ದೃಷ್ಟಿಯಿಂದ ನೋಡುವ 9 ಸೆಮಿಸ್ಟರ್ ಗಂಟೆಗಳಷ್ಟು (ಸುಮಾರು ಮೂರು ಪತ್ರಿಕೆಗಳಷ್ಟು) ಪಾಠಗಳಿರಬೇಕೆಂದು ಶಿಫಾರಸು ಮಾಡಲಾಗಿತ್ತು. ಪದವಿ ಹಂತದಲ್ಲಿ ಇದು ಸಿಗದೆ ಹೋದವರಿಗೆ ಸ್ನಾತಕೋತ್ತರ ಓದು ಅದನ್ನು ತುಂಬಿಕೊಳ್ಳುವ ಅವಕಾಶ.

ಆದರೂ ಈ ಬಗೆಯಲ್ಲಿ ಗುಣಮಟ್ಟದ ಏರಿಳಿತ ಬಹಳ. ಕೆಲವು ಕಡೆ 'ಶಿಕ್ಷಕರಿಗಾಗಿ' ಎಂಬ ಪದ ಗಣಿತವನ್ನು ತೆಳುವಾಗಿಸಲು ನೆಪವಾಗಿರುತ್ತದೆ: ಹತ್ತನೆಯ ತರಗತಿಯ ಲೆಕ್ಕಗಳನ್ನೇ ಬಣ್ಣದ ಸಾಫ್ಟ್‌ವೇರ್‌ನಲ್ಲಿ ಮತ್ತೆ ಮಾಡಿಸಿ ಕ್ರೆಡಿಟ್ ಕೊಡಲಾಗುತ್ತದೆ. ಇದನ್ನು ಪತ್ತೆಹಚ್ಚುವುದು ಕಷ್ಟವಲ್ಲ. ಪತ್ರಿಕೆಯ ಹೆಸರನ್ನು ಬಿಟ್ಟು ಅದರ ಮನೆಗೆಲಸದ ಒಂದು ಪುಟವನ್ನು ಕೇಳಿ ತರಿಸಿಕೊಳ್ಳಿ. ಅದರಲ್ಲಿ 'ಸಾಧಿಸಿ', 'ಈ ಷರತ್ತನ್ನು ತೆಗೆದರೆ ಏನಾಗುತ್ತದೆ', 'ಪ್ರತಿ-ಉದಾಹರಣೆ ಕೊಡಿ' ಎಂಬ ಬಗೆಯ ಪ್ರಶ್ನೆಗಳಿದ್ದರೆ ಅಲ್ಲಿ ಗಣಿತ ಜೀವಂತವಾಗಿದೆ. 'ನಿಮ್ಮ ಅನುಭವವನ್ನು ಹಂಚಿಕೊಳ್ಳಿ' ಎಂಬುದಷ್ಟೇ ಇದ್ದರೆ ಆ ಪದವಿಯನ್ನು ಗಣಿತದ ಪದವಿಯೆಂದು ಕರೆಯುವುದು ಸರಿಯಲ್ಲ.

ಗಣಿತ ಶಿಕ್ಷಣದ ಪದವಿ

ಮೂರನೆಯ ಬಗೆಯಲ್ಲಿ ಅಧ್ಯಯನದ ವಸ್ತು ಗಣಿತ ಕಲಿಯುವ ಮನಸ್ಸು. ಕಲಿಕೆಯ ಸಿದ್ಧಾಂತಗಳು, ಪಠ್ಯಕ್ರಮ ರಚನೆ, ಮೌಲ್ಯಮಾಪನ, ಸಂಶೋಧನಾ ವಿಧಾನ, ತರಗತಿಯ ಮಾತುಕತೆಯ ವಿಶ್ಲೇಷಣೆ ಇಲ್ಲಿಯ ಪತ್ರಿಕೆಗಳು. ಅಮೆರಿಕದ ಶಿಕ್ಷಣ ತಜ್ಞ ಲೀ ಶುಲ್‌ಮನ್ 1986ರಲ್ಲಿ, ವಿಷಯ ಜ್ಞಾನಕ್ಕೂ ಸಾಮಾನ್ಯ ಬೋಧನಾ ಕೌಶಲಕ್ಕೂ ನಡುವೆ ಪ್ರತ್ಯೇಕವಾದೊಂದು ಜ್ಞಾನವಿದೆ, ಒಂದು ವಿಷಯವನ್ನು ಇನ್ನೊಬ್ಬರಿಗೆ ತಿಳಿಯುವಂತೆ ಮಾಡಲು ಬೇಕಾದದ್ದು ಅದು ಎಂದು ವಾದಿಸಿದರು. ಡೆಬೊರಾ ಬಾಲ್ ಮತ್ತು ಅವರ ಸಹೋದ್ಯೋಗಿಗಳು ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಅದನ್ನು ಗಣಿತ ಬೋಧನೆಗೆ ನಿರ್ದಿಷ್ಟವಾಗಿ ಅನ್ವಯಿಸಿ ಬೆಳೆಸಿದರು.

ಆ ಜ್ಞಾನ ಎಂಥದ್ದೆಂದು ತಿಳಿಯಲು ಮಕ್ಕಳ ಒಂದು ತಪ್ಪು ಸಾಕು. (ಅ + ಬ)² = ಅ² + ಬ² ಎಂದು ಬರೆದ ವಿದ್ಯಾರ್ಥಿಯ ಉತ್ತರ ತಪ್ಪೆಂದು ಗಣಿತ ಬಲ್ಲ ಯಾರೂ ಹೇಳಬಲ್ಲರು. ಆ ವಿದ್ಯಾರ್ಥಿ 2(ಅ + ಬ) = 2ಅ + 2ಬ ಎಂಬ ಸರಿಯಾದ ನಿಯಮವನ್ನು ಸಲ್ಲದ ಕಡೆ ವಿಸ್ತರಿಸಿದ್ದಾನೆ, ಇದೇ ಹುಡುಗ ಮುಂದೆ √(ಅ + ಬ) ಮತ್ತು ಸೈನ್ (ಅ + ಬ) ಬಂದಾಗಲೂ ಹೀಗೆಯೇ ಒಡೆಯುತ್ತಾನೆ ಎಂದು ಮುಂಗಾಣುವುದು ಬೇರೆಯೇ ಪರಿಣತಿ. ಚೌಕದ ಚಿತ್ರ ಬರೆದು ಎರಡು ಆಯತಗಳು ಎಲ್ಲಿ ಕಾಣೆಯಾದವೆಂದು ತೋರಿಸಬೇಕೋ, 3 ಮತ್ತು 4 ಎಂಬ ಸಂಖ್ಯೆಗಳನ್ನು ಹಾಕಿ 49 ಮತ್ತು 25 ಎಂಬ ವ್ಯತ್ಯಾಸವನ್ನು ಅವನೇ ಕಾಣುವಂತೆ ಬಿಡಬೇಕೋ, ಯಾವುದು ಮೊದಲು, ಏಕೆ ಎಂಬ ಪ್ರಶ್ನೆಗಳಿಗೆ ಈ ಪದವಿ ಗಂಭೀರವಾಗಿ ಉತ್ತರ ಹುಡುಕುತ್ತದೆ.

ಹಾಗಾದರೆ ಗಣಿತ ಹೆಚ್ಚೋ ಬೋಧನೆಯ ಜ್ಞಾನ ಹೆಚ್ಚೋ? ಸಂಶೋಧನೆಗಳು ಸರಳ ಉತ್ತರ ಕೊಡುವುದಿಲ್ಲ, ಆದರೂ ಆಯ್ಕೆಗೆ ನೆರವಾಗುವಷ್ಟು ಹೇಳುತ್ತವೆ. ಅಮೆರಿಕದ ಡೇವಿಡ್ ಮಾಂಕ್ 1994ರ ಅಧ್ಯಯನದಲ್ಲಿ, ಶಿಕ್ಷಕರು ಪದವಿಯಲ್ಲಿ ಓದಿದ ಗಣಿತ ಪತ್ರಿಕೆಗಳಿಂದ ವಿದ್ಯಾರ್ಥಿಗಳಿಗೆ ಲಾಭವಿದ್ದರೂ ಒಂದು ಹಂತದ ನಂತರ ಆ ಲಾಭ ಕುಗ್ಗುತ್ತದೆ, ಗಣಿತ ಬೋಧನೆಯ ಪತ್ರಿಕೆಗಳಿಗೂ ತಮ್ಮದೇ ಫಲವಿದೆ ಎಂದು ಕಂಡರು. ಡಾನ್ ಗೋಲ್ಡ್‌ಹೇಬರ್ ಮತ್ತು ಡೊಮಿನಿಕ್ ಬ್ರೂವರ್ 1990ರ ದಶಕದಲ್ಲಿ ನಡೆಸಿದ ವಿಶ್ಲೇಷಣೆಯಲ್ಲಿ, ಶಿಕ್ಷಕರಿಗೆ ಯಾವುದೋ ಒಂದು ಸ್ನಾತಕೋತ್ತರ ಪದವಿ ಇದೆಯೆಂಬುದರಿಂದ ಮಕ್ಕಳ ಗಣಿತದಲ್ಲಿ ವ್ಯತ್ಯಾಸ ಕಾಣಲಿಲ್ಲ; ಆ ಪದವಿ ಗಣಿತದ್ದೇ ಆಗಿದ್ದಾಗ ಕಂಡಿತು. ಗಣಿತ ಶಿಕ್ಷಕರ ಜ್ಞಾನವನ್ನು ಅಳೆದ ಜರ್ಮನಿಯ ಕೊಆಕ್ಟಿವ್ ಅಧ್ಯಯನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮಕ್ಕಳ ಪ್ರಗತಿಯನ್ನು ನೇರವಾಗಿ ನಿರ್ಧರಿಸುವುದರಲ್ಲಿ ಬರೀ ವಿಷಯ ಜ್ಞಾನಕ್ಕಿಂತ ಬೋಧನೆಗೆ ಬೆಸೆದ ವಿಷಯ ಜ್ಞಾನವೇ ಮೇಲು, ಆದರೆ ವಿಷಯ ಜ್ಞಾನ ಗಟ್ಟಿಯಿಲ್ಲದೆ ಅದು ಬೆಳೆಯುವುದಿಲ್ಲ ಎಂಬ ತೀರ್ಮಾನಕ್ಕೆ ಬಂತು. ಈ ಮೂರನ್ನೂ ಒಟ್ಟಿಗಿಟ್ಟು ನೋಡಿದಾಗ ನನಗೆ ತೋರುವುದು ಇಷ್ಟು: ಗಣಿತದಲ್ಲಿ ಬುನಾದಿ ಗಟ್ಟಿ ಇರುವವರಿಗೆ ಗಣಿತ ಶಿಕ್ಷಣದ ಪದವಿ ಬಹಳ ಕೊಡುತ್ತದೆ, ಬುನಾದಿ ಅಲುಗಾಡುತ್ತಿರುವವರು ಅದನ್ನು ಆರಿಸಿದರೆ ಕಲಿಸುವ ವಿಧಾನಗಳನ್ನು ಕಲಿತು, ಕಲಿಸಬೇಕಾದದ್ದರ ಮುಂದೆ ತಡವರಿಸುತ್ತಾರೆ. ಶಿಕ್ಷಕರ ತರಬೇತಿ, ಪಠ್ಯಪುಸ್ತಕ ರಚನೆ, ಶಿಕ್ಷಣ ಸಂಶೋಧನೆಗಳತ್ತ ಹೊರಳಬಯಸುವವರಿಗಂತೂ ಇದೇ ನೇರ ದಾರಿ.

ಉಳಿದ ಆಯ್ಕೆಗಳು

ಸಂಖ್ಯಾಶಾಸ್ತ್ರದ ಪದವಿಯನ್ನು ಶಿಕ್ಷಕರು ಸಾಮಾನ್ಯವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ತೆಗೆದುಕೊಳ್ಳಬೇಕು. ಶಾಲಾ ಗಣಿತದಲ್ಲಿ ಸಂಭವನೀಯತೆ ಮತ್ತು ದತ್ತಾಂಶದ ಪಾಠಗಳಿಗೆ ಇಂದು ಮೊದಲಿಗಿಂತ ಹೆಚ್ಚಿನ ಜಾಗವಿದೆ, ಆದರೆ ಮಾದರಿಯ ವಿಚಲನೆಯನ್ನು ಲೆಕ್ಕ ಹಾಕುವಾಗ ಏಕೆ ಮಾದರಿಯ ಎಣಿಕೆಯಿಂದ ಒಂದನ್ನು ಕಳೆದು ಭಾಗಿಸುತ್ತೇವೆ ಎಂಬ ಪ್ರಶ್ನೆಗೆ ಮನಸ್ಸಿಗೆ ಒಪ್ಪುವ ಉತ್ತರ ಕೊಡಬಲ್ಲ ಗಣಿತ ಶಿಕ್ಷಕರು ವಿರಳ. ಡೇಟಾ ಸೈನ್ಸ್ ಹೆಸರಿನ ಪದವಿಗಳು ಬೇರೆ ಉದ್ಯೋಗಕ್ಕೆ ಹೋಗುವವರನ್ನು ಗಮನದಲ್ಲಿಟ್ಟು ಮಾಡಿದವು. ಶಾಲೆಯಲ್ಲೇ ಉಳಿಯುವವರಿಗೆ ಸಿದ್ಧಾಂತವುಳ್ಳ ಸಂಖ್ಯಾಶಾಸ್ತ್ರವೇ ಮೇಲು.

ಶಾಲಾ ಆಡಳಿತ ಅಥವಾ ಸಾಮಾನ್ಯ ಶಿಕ್ಷಣಶಾಸ್ತ್ರದ ಪದವಿಗಳು ಬಡ್ತಿಗೆ ಉಪಯೋಗವಾಗಬಹುದು, ಗಣಿತದ ಪಾಠಕ್ಕೆ ಅವುಗಳಿಂದ ಸಿಗುವುದು ಅಲ್ಪ.

ಪೂರ್ಣ ಪದವಿ ಬೇಡದವರಿಗೆ ನಾಲ್ಕೈದು ಪತ್ರಿಕೆಗಳ ಸ್ನಾತಕೋತ್ತರ ಸರ್ಟಿಫಿಕೇಟ್‌ಗಳಿವೆ. ಇನ್ನು ಉಚಿತ ಪಾಠಗಳ ವಿಚಾರ: ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ 2001ರಲ್ಲಿ ತನ್ನ ಪಾಠಗಳನ್ನು ಎಲ್ಲರಿಗೂ ತೆರೆಯುವುದಾಗಿ ಘೋಷಿಸಿದಂದಿನಿಂದ ಒಳ್ಳೆಯ ಉಪನ್ಯಾಸಗಳಿಗೆ ಬರವಿಲ್ಲ. ಹೀಗಿರುವಾಗ ಹಣ ಕೊಟ್ಟು ಪದವಿ ಓದುವವರು ಕೊಳ್ಳುತ್ತಿರುವುದು ಉಪನ್ಯಾಸವನ್ನಲ್ಲ ಎಂಬುದನ್ನು ಸ್ಪಷ್ಟವಾಗಿ ತಿಳಿದಿರಬೇಕು.

ಬರೆದ ಸಾಧನೆಯನ್ನು ಓದುವವರು ಯಾರು?

ಅವರು ಕೊಳ್ಳುತ್ತಿರುವುದು, ಅಥವಾ ಕೊಳ್ಳಬೇಕಾದದ್ದು, ತಮ್ಮ ಬರಹವನ್ನು ಬಲ್ಲವರೊಬ್ಬರು ಗಮನವಿಟ್ಟು ಓದುವ ಸಮಯವನ್ನು. ಗಣಿತದ ಆನ್‌ಲೈನ್ ಕೋರ್ಸುಗಳ ನಡುವೆ ನಾನು ಎಲ್ಲಕ್ಕಿಂತ ಮೇಲಿಡುವ ವ್ಯತ್ಯಾಸ ಇದೇ.

ಕಾರಣ ಹೀಗಿದೆ. ಫಂಕ್ಷನ್‌ಗಳ ಶ್ರೇಣಿಯೊಂದು ಬಿಂದು ಬಿಂದುವಿನಲ್ಲಿ ಸಮೀಪಿಸುವುದಕ್ಕೂ ಏಕರೂಪವಾಗಿ ಸಮೀಪಿಸುವುದಕ್ಕೂ ಇರುವ ವ್ಯತ್ಯಾಸ ವಾಕ್ಯದ ಪದಕ್ರಮದಲ್ಲಿ ಅಡಗಿದೆ. 'ಪ್ರತಿ ಬಿಂದುವಿಗೂ ಒಂದು ಹಂತವಿದೆ' ಎನ್ನುವುದು ಒಂದು. 'ಒಂದು ಹಂತವಿದೆ, ಅದು ಎಲ್ಲ ಬಿಂದುಗಳಿಗೂ ಸಾಕು' ಎನ್ನುವುದು ಇನ್ನೊಂದು. 0 ಮತ್ತು 1ರ ನಡುವಿನ ಸಂಖ್ಯೆಗಳ ಮೇಲೆ ಕ್ಷ, ಕ್ಷ², ಕ್ಷ³ ಎಂಬ ಶ್ರೇಣಿ ಮೊದಲಿನ ಅರ್ಥದಲ್ಲಿ ಸೊನ್ನೆಯನ್ನು ಸಮೀಪಿಸುತ್ತದೆ, ಎರಡನೆಯ ಅರ್ಥದಲ್ಲಿ ಇಲ್ಲ, ಏಕೆಂದರೆ 1ಕ್ಕೆ ಹತ್ತಿರವಾದಷ್ಟೂ ಇನ್ನೂ ದೊಡ್ಡ ಘಾತ ಬೇಕಾಗುತ್ತಲೇ ಇರುತ್ತದೆ. ವಿಡಿಯೊ ನೋಡಿದವರೆಲ್ಲರಿಗೂ ಇದು ಅರ್ಥವಾದಂತೆ ಅನಿಸುತ್ತದೆ. ತಾವೇ ಸಾಧನೆ ಬರೆಯಲು ಕುಳಿತಾಗ ಮೂರನೆಯ ಸಾಲಿನಲ್ಲಿ ಈ ಎರಡು ವಾಕ್ಯಗಳು ಅರಿವಿಲ್ಲದೆ ಅದಲುಬದಲಾಗುತ್ತವೆ. ಬರೆದವರ ಕಣ್ಣಿಗೆ ಆ ತಪ್ಪು ಬೀಳುವುದಿಲ್ಲ. ಬಹು ಆಯ್ಕೆಯ ಸ್ವಯಂಚಾಲಿತ ಪರೀಕ್ಷೆಗೂ ಅದು ಸಿಗುವುದಿಲ್ಲ. ಆ ಸಾಲಿನ ಪಕ್ಕದಲ್ಲಿ ಗೆರೆ ಎಳೆದು 'ಈ ಹಂತ ಯಾವುದನ್ನು ಅವಲಂಬಿಸಿದೆ?' ಎಂದು ಕೇಳುವ ಓದುಗರೊಬ್ಬರು ಬೇಕು. ಇಂಥ ತಿದ್ದುಪಡಿ ಹತ್ತು ಬಾರಿ ಸಿಕ್ಕರೆ ಬರವಣಿಗೆ ಬದಲಾಗುತ್ತದೆ. ಮಕ್ಕಳ ಉತ್ತರಪತ್ರಿಕೆಗಳನ್ನು ಓದುವ ರೀತಿಯೂ ಬದಲಾಗುತ್ತದೆ, ಅದು ಶಿಕ್ಷಕರಿಗೆ ಸಿಗುವ ಎರಡನೆಯ ಲಾಭ.

ಆದ್ದರಿಂದ ಪ್ರವೇಶಕ್ಕೆ ಮೊದಲು ಕೇಳಬೇಕಾದ ಪ್ರಶ್ನೆಗಳು ನಿರ್ದಿಷ್ಟವಾಗಿರಲಿ. ಒಂದು ಪತ್ರಿಕೆಯಲ್ಲಿ ಎಷ್ಟು ಲಿಖಿತ ನಿಯೋಜಿತ ಕಾರ್ಯಗಳಿವೆ, ಅವುಗಳನ್ನು ಓದುವವರು ಅಧ್ಯಾಪಕರೋ ಸಹಾಯಕರೋ, ಎಷ್ಟು ದಿನಗಳಲ್ಲಿ ಮರಳುತ್ತವೆ, ತಿದ್ದಿದ ಮೇಲೆ ಮತ್ತೆ ಬರೆದು ಸಲ್ಲಿಸಲು ಅವಕಾಶವಿದೆಯೇ, ಒಬ್ಬ ಅಧ್ಯಾಪಕರಿಗೆ ಎಷ್ಟು ಜನ ವಿದ್ಯಾರ್ಥಿಗಳಿದ್ದಾರೆ. ಈ ಐದಕ್ಕೆ ನೇರ ಉತ್ತರ ಕೊಡದ ಕಡೆ ಉಳಿದ ಸೌಲಭ್ಯಗಳ ಪಟ್ಟಿ ಎಷ್ಟೇ ಉದ್ದವಿರಲಿ, ಅದಕ್ಕೆ ಬೆಲೆ ಕೊಡಬೇಕಾಗಿಲ್ಲ.

ನೇರ ತರಗತಿಯೋ ಮೊದಲೇ ರೆಕಾರ್ಡ್ ಮಾಡಿದ ಪಾಠವೋ ಎಂಬ ಪ್ರಶ್ನೆ ಇದಕ್ಕೆ ಹೋಲಿಸಿದರೆ ಚಿಕ್ಕದು. ನಿಗದಿತ ಸಮಯದ ನೇರ ತರಗತಿಗಳು ಶಿಸ್ತನ್ನು ಹೇರುತ್ತವೆ, ಸಂದೇಹವನ್ನು ಅಲ್ಲೇ ಕೇಳಲು ಬಿಡುತ್ತವೆ. ಆದರೆ ಶಾಲೆಯ ಪರೀಕ್ಷೆ ಮತ್ತು ಮೌಲ್ಯಮಾಪನದ ವಾರಗಳಲ್ಲಿ ಅವೇ ಹೊರೆಯಾಗುತ್ತವೆ. ರೆಕಾರ್ಡ್ ಮಾಡಿದ ಪಾಠ ಆರಿಸುವವರು, ವಾರಕ್ಕೊಮ್ಮೆಯಾದರೂ ಪ್ರಶ್ನೆ ಕೇಳಲು ನೇರ ಅವಧಿ ಇರುವ ಕೋರ್ಸನ್ನು ಹುಡುಕುವುದು ಒಳಿತು. ಗಣಿತದ ಸಂಕೇತಗಳನ್ನು ಟೈಪ್ ಮಾಡಲು ಲಾಟೆಕ್ ಎಂಬ ಸಾಫ್ಟ್‌ವೇರ್ ಕಲಿಯಬೇಕಾಗಬಹುದು. ಕೆಲವು ವಾರಗಳ ಶ್ರಮವಾದರೂ ಮುಂದೆ ಪ್ರಶ್ನೆಪತ್ರಿಕೆ ತಯಾರಿಸುವಾಗ ಅದು ಜೀವನಪೂರ್ತಿ ಉಪಯೋಗಕ್ಕೆ ಬರುತ್ತದೆ.

ಮಾನ್ಯತೆ ಮತ್ತು ಸಮಯ

ಪದವಿಯನ್ನು ವೇತನಕ್ಕೋ ಬಡ್ತಿಗೋ ಉನ್ನತ ತರಗತಿಗಳನ್ನು ಕಲಿಸುವ ಅರ್ಹತೆಗೋ ಬಳಸುವವರು ಇನ್ನೊಂದು ಪ್ರಶ್ನೆಯನ್ನು ಬಿಡುವಂತಿಲ್ಲ: ನಿಯಮದ ಕಣ್ಣಿನಲ್ಲಿ ಇದು ಯಾವ ವಿಷಯದ ಪದವಿ? ಇದು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಅಮೆರಿಕದಲ್ಲಿ ಪ್ರೌಢಶಾಲೆಯಲ್ಲೇ ಕಾಲೇಜು ಮಟ್ಟದ ಗಣಿತ ಕಲಿಸುವವರಿಂದ, ಸ್ನಾತಕೋತ್ತರ ಪದವಿಯ ಜೊತೆಗೆ ಗಣಿತದಲ್ಲೇ ಕನಿಷ್ಠ 18 ಸ್ನಾತಕೋತ್ತರ ಕ್ರೆಡಿಟ್‌ಗಳನ್ನು ಕೇಳುವುದು ಅನೇಕ ಕಾಲೇಜುಗಳ ರೂಢಿ; ಅಂಥ ಕಡೆ ಗಣಿತ ಶಿಕ್ಷಣದ ಪದವಿ ಎಷ್ಟೇ ಉತ್ತಮವಾಗಿದ್ದರೂ ಅದರ ಬೋಧನಾ ಪತ್ರಿಕೆಗಳು ಆ 18ರಲ್ಲಿ ಸೇರದೆ ಹೋಗಬಹುದು. ಭಾರತದಲ್ಲಿ ಆನ್‌ಲೈನ್ ಪದವಿ ಕೊಡಲು ವಿಶ್ವವಿದ್ಯಾಲಯಕ್ಕೆ ಯುಜಿಸಿಯ ಅನುಮತಿ ಇರಬೇಕು. ಯಾವ ದೇಶದಲ್ಲೇ ಆಗಲಿ, ಪದವಿ ಕೊಡುವವರ ಮಾತನ್ನು ನೆಚ್ಚಿಕೊಳ್ಳದೆ, ಅದನ್ನು ಒಪ್ಪಬೇಕಾದ ಇಲಾಖೆ ಅಥವಾ ಆಡಳಿತ ಮಂಡಳಿಯಿಂದ ಮೊದಲೇ ಲಿಖಿತ ಉತ್ತರ ಪಡೆಯಬೇಕು. ಅಂಕಪಟ್ಟಿಯಲ್ಲಿ ಪತ್ರಿಕೆಗಳು ಗಣಿತ ವಿಭಾಗದ ಹೆಸರಿನಲ್ಲಿ ಬರುತ್ತವೆಯೋ ಶಿಕ್ಷಣ ವಿಭಾಗದ ಹೆಸರಿನಲ್ಲೋ ಎಂಬ ಸಣ್ಣ ಸಂಗತಿಯೇ ಕೊನೆಗೆ ನಿರ್ಣಾಯಕವಾಗಬಹುದು.

ಸಮಯದ ಲೆಕ್ಕವನ್ನು ಪ್ರಚಾರ ಪುಟಗಳಲ್ಲಿ ನಂಬದೆ ತಾವೇ ಹಾಕಿ ನೋಡಬೇಕು. ಬ್ರಿಟನ್ನಿನಲ್ಲಿ ಸ್ನಾತಕೋತ್ತರ ಪದವಿಗೆ 180 ಕ್ರೆಡಿಟ್, ಒಂದು ಕ್ರೆಡಿಟ್‌ಗೆ 10 ಗಂಟೆಗಳ ಓದು ಎಂಬುದು ಅಳತೆ. ಒಟ್ಟು 1,800 ಗಂಟೆಗಳಾಯಿತು. ಯುರೋಪಿನ ಕ್ರೆಡಿಟ್ ಪದ್ಧತಿಯಲ್ಲಿ ಒಂದು ಕ್ರೆಡಿಟ್ ಎಂದರೆ 25ರಿಂದ 30 ಗಂಟೆ. ವರ್ಷಕ್ಕೆ 40 ವಾರ ಓದಲು ಸಿಗುತ್ತದೆಂದು ಹಿಡಿದರೆ 1,800 ಗಂಟೆಗಳನ್ನು ಮೂರು ವರ್ಷಕ್ಕೆ ಹಂಚಿದಾಗ ವಾರಕ್ಕೆ 15 ಗಂಟೆ, ಎರಡೇ ವರ್ಷದಲ್ಲಿ ಮುಗಿಸುತ್ತೇನೆಂದರೆ ಇಪ್ಪತ್ತೆರಡೂವರೆ ಗಂಟೆ. ಪೂರ್ಣಾವಧಿ ಪಾಠ ಮಾಡುವವರಿಗೆ ಎರಡನೆಯದು ವಾಸ್ತವವಲ್ಲ. ಗಣಿತದಲ್ಲಿ ಈ ಗಂಟೆಗಳು ಸಮನಾಗಿ ಹರಡಿರುವುದೂ ಇಲ್ಲ. ಒಂದೇ ಸಾಧನೆ ಮೂರು ರಾತ್ರಿ ಕಾಡಿ ನಾಲ್ಕನೆಯ ದಿನ ಹತ್ತು ನಿಮಿಷದಲ್ಲಿ ಬಿಚ್ಚಿಕೊಳ್ಳಬಹುದು. ಎಲ್ಲೆಲ್ಲೂ ತುಂಬಿದ ವೇಳಾಪಟ್ಟಿಯಲ್ಲಿ ಇಂಥ ಯೋಚನೆಗೆ ಜಾಗವಿರುವುದಿಲ್ಲವಾದ್ದರಿಂದ, ಒಮ್ಮೆಗೆ ಒಂದೇ ಪತ್ರಿಕೆ ಓದಲು ಬಿಡುವ, ನಡುವೆ ಒಂದು ಅವಧಿ ನಿಲ್ಲಿಸಿ ಮತ್ತೆ ಸೇರಲು ಅವಕಾಶವಿರುವ ಪದವಿಗೆ ನಾನು ಹೆಚ್ಚು ಅಂಕ ಕೊಡುತ್ತೇನೆ.

ಯಾರಿಗೆ ಯಾವುದು

ಗಣಿತದಲ್ಲೇ ಪದವಿ ಪಡೆದು, ಸಾಧನೆಗಳನ್ನು ಓದುವ ಸುಖ ಇನ್ನೂ ಉಳಿಸಿಕೊಂಡಿರುವವರು, ಮುಂದೆ ಕಾಲೇಜಿನಲ್ಲಿ ಕಲಿಸುವ ಅಥವಾ ಸಂಶೋಧನೆಗೆ ಹೋಗುವ ಆಸೆಯುಳ್ಳವರು ಶುದ್ಧ ಗಣಿತವನ್ನೇ ಆರಿಸಲಿ. ಶಾಲೆಯಲ್ಲೇ ಉಳಿಯುವ, ಆದರೆ ತಾನು ಕಲಿಸುವುದರ ಬೇರುಗಳನ್ನು ನೋಡಬೇಕೆಂಬ ಹಂಬಲವುಳ್ಳ ಬಹುಪಾಲು ಶಿಕ್ಷಕರಿಗೆ, ಮನೆಗೆಲಸದ ಪುಟ ನೋಡಿ ಗಟ್ಟಿಯೆಂದು ಖಾತ್ರಿಯಾದ ಶಿಕ್ಷಕ-ಕೇಂದ್ರಿತ ಗಣಿತ ಪದವಿಯೇ ನನ್ನ ಮೊದಲ ಸಲಹೆ. ಬೇರೆ ವಿಷಯದಲ್ಲಿ ಪದವಿ ಪಡೆದು ಗಣಿತ ಕಲಿಸಬೇಕಾಗಿ ಬಂದವರು ಯಾವ ಸ್ನಾತಕೋತ್ತರ ಪದವಿಗೂ ಮುನ್ನ ಪದವಿ ಮಟ್ಟದ ರೇಖೀಯ ಬೀಜಗಣಿತ ಮತ್ತು ಸಾಧನಾ ಪದ್ಧತಿಯ ಪತ್ರಿಕೆಗಳನ್ನು ಮುಗಿಸಿಕೊಳ್ಳಬೇಕು. ಇದು ಹಿನ್ನಡೆಯಲ್ಲ, ಮುಂದಿನ ಓದಿನ ವೇಗವನ್ನು ಹೆಚ್ಚಿಸುವ ಹೂಡಿಕೆ. ಕಲಿಸಿದ ಅನುಭವ ದೊಡ್ಡದಿದ್ದು, ಇತರ ಶಿಕ್ಷಕರನ್ನು ಬೆಳೆಸಬೇಕೆಂದಿರುವವರಿಗೆ ಗಣಿತ ಶಿಕ್ಷಣ ಒಪ್ಪುತ್ತದೆ, ಅದರಲ್ಲೂ ಮೂರನೆಯ ಒಂದು ಭಾಗವಾದರೂ ಗಣಿತದ ಪತ್ರಿಕೆಗಳನ್ನು ಐಚ್ಛಿಕವಾಗಿ ಆರಿಸಲು ಬಿಡುವಂಥದ್ದು.

ಎರಡರ ನಡುವೆ ತೂಗಾಡುತ್ತಿರುವವರಿಗೆ ಒಂದು ವ್ಯಾವಹಾರಿಕ ದಾರಿಯಿದೆ. ಅನೇಕ ವಿಶ್ವವಿದ್ಯಾಲಯಗಳು ಪದವಿಗೆ ಸೇರದೆಯೇ ಒಂದು ಪತ್ರಿಕೆಯನ್ನು ಓದಲು, ಮುಂದೆ ಸೇರಿದರೆ ಅದರ ಕ್ರೆಡಿಟ್ ಎಣಿಸಿಕೊಳ್ಳಲು ಅವಕಾಶ ಕೊಡುತ್ತವೆ. ಆ ಒಂದು ಪತ್ರಿಕೆಯಾಗಿ ಅಮೂರ್ತ ಬೀಜಗಣಿತವನ್ನೋ ಅನಾಲಿಸಿಸ್ ಅನ್ನೋ ತೆಗೆದುಕೊಳ್ಳಿ. ಎರಡೂ ಬಗೆಯ ಗಣಿತ ಪದವಿಗಳಿಗೆ ಅದು ಸಲ್ಲುತ್ತದೆ, ಸಾಧನೆ ಬರೆಯುವ ಕೈ ಎಷ್ಟು ಉಳಿದಿದೆಯೆಂದೂ ತಿಳಿಯುತ್ತದೆ. ಶಾಲೆಯಲ್ಲಿ ಕೆಲಸ ಅತಿ ಹೆಚ್ಚಿರುವ ಅವಧಿಯಲ್ಲೇ ಅದನ್ನು ಓದಿ ನೋಡಿ, ರಜೆಯಲ್ಲಲ್ಲ, ಏಕೆಂದರೆ ಮುಂದಿನ ಮೂರು ವರ್ಷಗಳ ಬಹುಪಾಲು ವಾರಗಳು ಇರುವುದು ಹಾಗೆಯೇ. ಮೊದಲ ಎರಡು ಮನೆಗೆಲಸಗಳು ತಿದ್ದಿ ಮರಳಿ ಬಂದಾಗ ಅಂಕಗಳನ್ನು ಬಿಟ್ಟು ಅಂಚಿನಲ್ಲಿ ಬರೆದದ್ದನ್ನು ಓದಿ. ಅಲ್ಲಿ ನಿಮ್ಮ ತರ್ಕದ ಬಗ್ಗೆ ಯಾರೋ ನಿಜವಾಗಿ ಯೋಚಿಸಿದ ಗುರುತಿದ್ದರೆ ಉಳಿದ ಪತ್ರಿಕೆಗಳಿಗೂ ಅಲ್ಲೇ ಹೆಸರು ನೋಂದಾಯಿಸಿ. ಬರೀ ಸರಿ ಗುರುತು ಮತ್ತು ಒಟ್ಟು ಮೊತ್ತವಿದ್ದರೆ ಗಳಿಸಿದ ಕ್ರೆಡಿಟ್ ಅನ್ನು ಬೇರೆ ವಿಶ್ವವಿದ್ಯಾಲಯಕ್ಕೆ ವರ್ಗಾಯಿಸಲು ಸಾಧ್ಯವೇ ಎಂದು ವಿಚಾರಿಸಿ.